ಟ್ಯಾಬಿಗೆ ಗಾಳಿ ಹೊಡೆದ ಮಾವ

ಟ್ಯಾಬಿನಲ್ಲಿ ಸಿನಿಮಾ ನೋಡುವವರಿದ್ದಾರೆ, ಪಾಠ ಕೇಳುವವರಿದ್ದಾರೆ, ಊಟ ಒಲ್ಲದ ಮಗುವಿನ ಮುಂದೆ ಅದನ್ನು ಹಿಡಿದು ತುತ್ತು ತುರುಕುವವರೂ ಇದ್ದಾರೆ. ಆದರೆ ಟ್ಯಾಬಿಗೆ ಗಾಳಿ ಹೊಡೆದವರನ್ನು ನೀವು ಕಂಡಿದ್ದೀರಾ? ಖಂಡಿತ ಕಂಡಿರಲಾರಿರಿ! ಈ ಭೂಮಿಯ ಮೇಲೆ ಅಂಥವರು ಒಬ್ಬರೇ ಇರುವುದು. ಅವರು ನ್ಯಾಮತಿಯಲ್ಲಿದ್ದಾರೆ, ಮತ್ತು ನನ್ನ ದುರದೃಷ್ಟಕ್ಕೋ ಅದೃಷ್ಟಕ್ಕೋ ಅವರು ನನ್ನ ಸೋದರಮಾವ.

ಮಾವನದು ಸೈಕಲ್ ಶಾಪು. ಊರ ಜನ ಸೈಕಲ್ ಬಿಟ್ಟು ಬೈಕು ಹತ್ತಿದರೂ ಮಾವ ಅಂಗಡಿ ಮುಚ್ಚಲಿಲ್ಲ. "ಬೈಕಿನ ಗಾಲಿಗೇನು ಹುಲ್ಲು ತುಂಬ್ತಾರಾ? ಅದಕ್ಕೂ ಗಾಳಿನೇ ಬೇಕು" ಎಂದು ಕೂತರು. ಲೋಕ ನಡೆಯುವುದೇ ಗಾಳಿಯಿಂದ ಎಂಬುದು ಅವರ ಸಿದ್ಧಾಂತ. ಅದನ್ನು ಪರೀಕ್ಷಿಸಲು ಅವರ ಹತ್ತಿರ ಇರುವ ಏಕೈಕ ಉಪಕರಣ ಅವರ ಬಲಗೈ ಹೆಬ್ಬೆರಳು. ಕಂಡದ್ದನ್ನೆಲ್ಲ ಒತ್ತಿ, ಕಣ್ಣು ಮುಚ್ಚಿ, ಒಂದು ಗಳಿಗೆ ಕಾದು, ತೀರ್ಪು ಕೊಡುತ್ತಾರೆ: "ಗಾಳಿ ಐತೆ." ಇಲ್ಲವೇ, "ಗಾಳಿ ಇಲ್ಲ." ಹೊನ್ನಾಳಿ ಬಸ್ಸು ಹತ್ತುವ ಮೊದಲು ಅದರ ಚಕ್ರ ಒತ್ತುತ್ತಾರೆ. ಸಂತೆಯಲ್ಲಿ ಕುಂಬಳಕಾಯಿ ಒತ್ತುತ್ತಾರೆ. ತೊಟ್ಟಿಲಲ್ಲಿದ್ದ ನನ್ನ ಮಗಳ ಕೆನ್ನೆಯನ್ನೂ ಒತ್ತಿ, "ಗಾಳಿ ಐತೆ, ಚೆನ್ನಾಗಿ ಬೆಳೀತಾಳೆ" ಅಂದಿದ್ದರು. ಬೆಳೆದಳು ಕೂಡ! ಈಗ ಅವಳು ನನ್ನ ಮಾತಿಗೆ ಹತ್ತು ಮಾತು ಆಡುತ್ತಾಳೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ ಕೇಳಿ. ಮನೆಮಂದಿಯೆಲ್ಲ ಹುಡುಗನ ಮೂಗು, ಕಣ್ಣು, ಸಂಬಳ ವಿಚಾರಿಸುತ್ತಿದ್ದರೆ ಮಾವ ಮೆಲ್ಲಗೆ ಹೊರಗೆ ಹೋಗಿ ಹುಡುಗನ ಬೈಕು ವಿಚಾರಿಸಿಕೊಂಡು ಬಂದರು. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿರುವಾಗ ನಡುಮನೆಯಲ್ಲಿ ನಿಂತು ಹೇಳಿದರು: "ಹುಡುಗ ಏನೋ ಚೆಂದ ಅದಾನೆ. ಆದ್ರೆ ಹಿಂದಿನ ಗಾಲಿಗೆ ಗಾಳಿ ಇಲ್ಲ. ಗಾಲಿ ನೋಡ್ಕಳದೋನು ಹೆಂಡ್ತಿನ ಹೆಂಗೆ ನೋಡ್ಕಂತಾನೆ?" ಮದುವೆಯೇನೋ ನಡೆಯಿತು. ಆದರೆ ನನ್ನ ಗಂಡ ಇವತ್ತಿಗೂ ಹೊನ್ನಾಳಿಯಿಂದ ನ್ಯಾಮತಿಗೆ ಹೊರಡುವ ಮುಂಚೆ ಬೈಕಿನ ಎರಡೂ ಚಕ್ರಕ್ಕೆ ಗಾಳಿ ತುಂಬಿಸಿಕೊಂಡೇ ಹೊರಡುತ್ತಾರೆ.

ಇಂಥ ಮನುಷ್ಯನಿಗೆ ಹಾರ್ಮೋನಿಯಂ ಬಿಟ್ಟರೆ ಬೇರೆ ಯಾವ ವಾದ್ಯ ಒಗ್ಗೀತು, ಹೇಳಿ? ಸೋಮವಾರ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ಕೈಯ ಗ್ರೀಸು ತೊಳೆದು, ಮನೆಯ ಪಡಸಾಲೆಯಲ್ಲಿ ಭಜನೆಗೆ ಕೂರುವುದು ಅವರ ಪದ್ಧತಿ. ಬಲಗೈ ಬೆರಳು ಕಪ್ಪು ಬಿಳುಪು ಪಟ್ಟಿಗಳ ಮೇಲೆ ಓಡಾಡುತ್ತಿದ್ದರೆ ಎಡಗೈ ಪೆಟ್ಟಿಗೆಯ ಬೆನ್ನಿಗಿರುವ ತಿದಿಯನ್ನು ತಳ್ಳಿ ಬಿಟ್ಟು, ತಳ್ಳಿ ಬಿಟ್ಟು ಗಾಳಿ ಊದುತ್ತಿತ್ತು. ತಬಲಕ್ಕೆ ಪಕ್ಕದ ಹಾಸಿಗೆ ಅಂಗಡಿಯ ಸಾಹೇಬರು. ಹಗಲೆಲ್ಲ ಹತ್ತಿ ಬಡಿದ ಕೈ ಸಂಜೆ ತಬಲ ಬಡಿಯುತ್ತಿತ್ತು. ತಾಳಕ್ಕೆ ಅತ್ತೆ. ಕೇಳುವುದಕ್ಕೆ ಬೀದಿಯ ಜನ, ಅವರು ಬಾರದ ದಿನ ಬೀದಿಯ ನಾಯಿ.

ಹೋದ ವರ್ಷ ಒಂದು ಬೆಳಿಗ್ಗೆ ಮಾವನಿಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಕಾಲು ನಡೆಯಿತು. ಎಡಗೈ ಮಾತ್ರ ಬರಲಿಲ್ಲ. ತೊಡೆಯ ಮೇಲೆ ಇಟ್ಟರೆ ಇಟ್ಟ ಹಾಗೇ ಇರುತ್ತಿತ್ತು. "ಬರಬಹುದು, ಬಾರದೆಯೂ ಇರಬಹುದು. ಆಡಿಸ್ತಾ ಇರಿ, ಬಿಡಬೇಡಿ" ಎಂದು ಡಾಕ್ಟರು ಕೈಯಲ್ಲಿ ಒಂದು ಮೆತ್ತನೆಯ ಚೆಂಡು ಕೊಟ್ಟು ಕಳಿಸಿದರು, ಎಡಗೈಯಲ್ಲಿ ಹಿಡಿದು ಅಮುಕಲು. ಮಾವ ಮನೆಗೆ ಬಂದವರೇ ಅದನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕಣ್ಣು ಮುಚ್ಚಿದರು. ತೀರ್ಪು ಬಂತು: "ಬರೇ ಸ್ಪಂಜು. ಇದ್ರಾಗೆ ಗಾಳಿನೇ ಇಲ್ಲ. ಗಾಳಿ ಇಲ್ದಿದ್ದು ನನ್ನ ಕೈಗೇನು ಗಾಳಿ ಕೊಡ್ತೈತೆ?" ಚೆಂಡು ಬೀದಿ ನಾಯಿಯ ಪಾಲಾಯಿತು. ಆ ನಾಯಿಯ ದವಡೆಗೆ ಒಳ್ಳೆಯ ವ್ಯಾಯಾಮವಾಯಿತು!

ಹಾರ್ಮೋನಿಯಂ ಬಿಡಬಾರದೆಂದು ಅತ್ತೆಯೇ ತಿದಿ ಒತ್ತಲು ಕೂತದ್ದೂ ಆಯಿತು. ಅತ್ತೆಯ ಕೈಗೆ ಗೊತ್ತಿದ್ದ ಲಯ ರೊಟ್ಟಿ ಬಡಿಯುವ ಲಯ ಒಂದೇ. ಮಾವ ನಿಧಾನದ ಭಜನೆಯೊಂದನ್ನು ಎತ್ತಿಕೊಂಡರೆ ಅತ್ತೆ ಒಲೆ ಆರಿಹೋಗುತ್ತದೇನೋ ಎಂಬಂತೆ ತಿದಿ ಬಡಿದರು. ಭಜನೆ ಓಟ ಕಿತ್ತಿತು, ಸಾಹೇಬರ ತಬಲ ಅದರ ಹಿಂದೆ ಓಡಿತು, ಮಾವ ಮಧ್ಯದಲ್ಲೇ ಕೈ ಎತ್ತಿಬಿಟ್ಟರು.

"ಅಲ್ಲ ಕಣೇ, ನೀನೇನು ಭಜನೆ ಬೇಯಿಸಾಕೆ ಕೂತಿದೀಯಾ?"

"ಹಂಗಾದ್ರೆ ನೀವೇ ಒತ್ಕಳ್ರಿ!" ಅಂದುಬಿಟ್ಟರು ಅತ್ತೆ. ಅಂದ ಮೇಲೆ ತುಟಿ ಕಚ್ಚಿಕೊಂಡರು. ಮಾವ ಹಾರ್ಮೋನಿಯಂಗೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಹಾಕಿಸಿದರು. ಸೋಮವಾರದ ಭಜನೆ ನಿಂತಿತು.

ಅದಾದ ಮೇಲೆ ಅತ್ತೆ ನನಗೆ ಫೋನು ಮಾಡಿದರು. "ಸೋಮವಾರ ಬಂದ್ರೆ ಭಯ ಆಗ್ತೈತವ್ವಾ. ಗೋಡೆ ಕಡೆ ತಿರುಗಿ ಮಲಗ್ತಾರೆ. ಮಾತಿಲ್ಲ, ಕಥೆಯಿಲ್ಲ. ಸಂತೆಗೆ ಹೋದ್ರೆ ಕುಂಬಳಕಾಯಿನೂ ಒತ್ತಲ್ಲ." ಕುಂಬಳಕಾಯಿಯ ಸುದ್ದಿ ಕೇಳಿದ ಮೇಲೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೈ ಬಾರದಿದ್ದರೆ ಹೋಗಲಿ, ಈ ಮನುಷ್ಯನೇ ನಮ್ಮ ಕೈತಪ್ಪಿ ಹೋಗುತ್ತಿದ್ದಾರಲ್ಲ!

ಮಗಳು ಹಿಂದೆ ಪಾಠ ಕೇಳಲು ಬಳಸುತ್ತಿದ್ದ ಟ್ಯಾಬೊಂದು ನಮ್ಮ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಅದರಲ್ಲಿ ಹಾರ್ಮೋನಿಯಂ ಆ್ಯಪು ಹಾಕಿದೆ. ಬೆರಳಿಟ್ಟರೆ ಸಾಕು, ನುಡಿಯುತ್ತದೆ. ತಿದಿ ಬೇಡ, ಎಡಗೈ ಬೇಡ. ಇನ್ನೇನು, ಸಮಸ್ಯೆ ಬಗೆಹರಿಯಿತು ಎಂದುಕೊಂಡು ಬಸ್ಸು ಹತ್ತಿದೆ. ಎಂಥ ಭ್ರಮೆ!

ಮಾವ ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಹಜವಾಗಿಯೇ ಹೆಬ್ಬೆರಳಿಟ್ಟು ಒತ್ತಿದರು. ಆ್ಯಪು ಮಾಯ!

"ಮುಟ್ಟಿದ್ರೆ ಸಾಕು ಮಾವ, ಒತ್ತಬ್ಯಾಡ್ರಿ."

"ಮುಟ್ಟಿದ್ರೆ ಮುನಿ ಗಿಡ ಇದ್ದಂಗೆ ಐತಲ್ಲವ್ವಾ ಇದು! ಅದಿರ್ಲಿ, ಗಾಳಿ ಎಲ್ಲಿಂದ ಬರ್ತೈತೆ?"

"ಗಾಳಿ ಬೇಕಿಲ್ಲ ಮಾವ. ಕರೆಂಟಿಂದ ನುಡೀತೈತೆ."

ಗಾಳಿ ಬೇಕಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ಮಾವ ನನ್ನನ್ನು ಕನಿಕರದಿಂದ ನೋಡಿದರು. "ಓದ್ದೋರಿಗೆ ಎಲ್ಲಾ ಹೇಳಿರಲ್ಲ ಕಣವ್ವ. ಒಳಗೆ ಎಲ್ಲೋ ತುಂಬಿಟ್ಟಿರ್ತಾರೆ. ಖಾಲಿ ಆದ ಮೇಲೆ ಗೊತ್ತಾಗ್ತೈತೆ."

ಖಾಲಿಯಾಗುವುದಕ್ಕೆ ಒಂದು ವಾರವೂ ಬೇಕಾಗಲಿಲ್ಲ. ಅತ್ತೆಯ ಫೋನು ಬಂತು. ಟ್ಯಾಬಿನ ದನಿ ಗೊರಗೊರ ಅನ್ನುತ್ತಿದೆಯಂತೆ. ಮಾವ ಅದಕ್ಕೆ ಪಂಕ್ಚರ್ ಆಗಿದೆ ಎಂದು ತೀರ್ಮಾನಿಸಿದ್ದಾರಂತೆ. "ಬೋಗುಣಿ ತುಂಬ ನೀರು ಇಟ್ಕಂಡು ಕೂತವ್ರೆ. ಮುಳುಗಿಸಿ ಗುಳ್ಳೆ ಎಲ್ಲಿ ಏಳ್ತೈತೋ ನೋಡ್ತೀನಿ ಅಂತಾರೆ. ಮುಳುಗಿಸಬೌದೇನವ್ವಾ?"

ನಾನು ಹೊನ್ನಾಳಿಯಿಂದ ಕೂಗಿದ ಕೂಗು ಫೋನಿಲ್ಲದೆಯೂ ನ್ಯಾಮತಿಗೆ ಕೇಳಿಸಿರಬೇಕು. ಅಷ್ಟರಲ್ಲಿ ಸಾಹೇಬರು ಬಂದು ಬೋಗುಣಿಯನ್ನು ಎತ್ತಿ ಗಿಡಕ್ಕೆ ಸುರಿದಿದ್ದರು. ಮಾವ ಅಷ್ಟಕ್ಕೇ ಬಿಡಲಿಲ್ಲ. ಚಾರ್ಜ್ ಮಾಡುವ ತೂತು ಕಂಡದ್ದೇ "ವಾಲ್ವು ಇಲ್ಲೈತೆ ನೋಡು!" ಎಂದು ಪಂಪಿನ ಪೈಪನ್ನು ಅದಕ್ಕೆ ಹಿಡಿದು ಸಾಹೇಬರ ಕೈಯಲ್ಲಿ ಒಂದು ಒತ್ತು ಒತ್ತಿಸಿಯೇಬಿಟ್ಟರು. ಆಶ್ಚರ್ಯ ಕೇಳಿ: ದನಿ ಸರಿಹೋಯಿತು! ಒಳಗೆ ಕೂತಿದ್ದ ಧೂಳು ಹಾರಿಹೋಗಿರಬೇಕು ಎಂದು ನಾನು. ಧೂಳೂ ಇಲ್ಲ ಗೀಳೂ ಇಲ್ಲ, ಗಾಳಿ ಕಮ್ಮಿಯಾಗಿತ್ತು ಎಂದು ಅವರು. ಊರವರೆಲ್ಲ ಅವರ ಕಡೆಗೇ ಸೇರಿದರು.

ಅಂತೂ ಸೋಮವಾರದ ಭಜನೆ ಮತ್ತೆ ಶುರುವಾಯಿತು. ಒಂದೇ ಕೈಯ ಭಜನೆ. ಬಸವಾಪಟ್ಟಣದಲ್ಲಿ ನೆಂಟರ ಗೃಹಪ್ರವೇಶಕ್ಕೂ ಕರೆ ಬಂತು. ಅಲ್ಲಿ ಭಕ್ತಿ ಉಕ್ಕಿ ಹರಿಯುತ್ತಿರುವಾಗ ಮಾವನ ಹೆಬ್ಬೆರಳು ಎಲ್ಲಿ ತಾಗಿತೋ ಏನೋ, ಹಾರ್ಮೋನಿಯಂ ಇದ್ದಕ್ಕಿದ್ದಂತೆ ಮದುವೆ ಬ್ಯಾಂಡಿನ ತುತ್ತೂರಿಯಾಯಿತು. ಬೇರೆಯವರಾಗಿದ್ದರೆ ನಿಲ್ಲಿಸುತ್ತಿದ್ದರು. ಮಾವ ಕಣ್ಣು ಮುಚ್ಚಿದ್ದರಿಂದ ಮುಂದುವರಿಸಿದರು. ಸಾಹೇಬರು "ಯಾ ಅಲ್ಲಾ" ಎಂದು ತಬಲವನ್ನು ದಿಬ್ಬಣದ ನಡೆಗೆ ಹೊರಳಿಸಿದರು. ಊಟಕ್ಕೆ ಕೂತಿದ್ದವರಲ್ಲಿ ಅರ್ಧ ಜನ ವರ ಬಂದನೆಂದು ಎದ್ದು ನಿಂತರಂತೆ! ಬರುವಾಗ ಬಸ್ಸಿನಲ್ಲಿ ಸಾಹೇಬರು ಸಮಾಧಾನ ಹೇಳಿದರು: "ಚನ್ನಗಿರಿಯಿಂದ ಜಗಳೂರ ತನಕ ಎಷ್ಟೋ ಭಜನೆಗೆ ನುಡಿಸೀನಿ. ಜನ ಎದ್ದು ನಿಂತಿದ್ದು ಇದೇ ಮೊದಲು ನೋಡ್ರಿ."

ಆದರೂ ಮಾವನಿಗೆ ಒಂದು ಕೊರಗು. ಬೆನ್ನಿಗೆ ತಿದಿಯಿಲ್ಲದ ಪೆಟ್ಟಿಗೆಯ ಮುಂದೆ ಕೂರಲು ನಾಚಿಕೆಯಂತೆ! ನಮ್ಮ ಟ್ಯಾಬಿಗೆ ಪುಸ್ತಕದ ರಟ್ಟಿನಂಥ ಒಂದು ಅಗ್ಗದ ಮುಚ್ಚಳವಿತ್ತು. ಟ್ಯಾಬನ್ನು ಮಣೆಯ ಮೇಲೆ ಓರೆಯಾಗಿ ನಿಲ್ಲಿಸಿದರೆ ಮುಚ್ಚಳ ಅದರ ಹಿಂದೆ ತೆರೆದುಕೊಂಡು ನಿಲ್ಲುತ್ತಿತ್ತು, ಥೇಟ್ ಹಾರ್ಮೋನಿಯಂ ತಿದಿಯ ಹಾಗೆ. ಸರಿ, ನಾನು ಹೋಗಿದ್ದ ಒಂದು ದಿನ "ಗಾಳಿ ಹಾಕು" ಎಂದು ಅತ್ತೆಯನ್ನು ಮತ್ತೆ ಕೂರಿಸಿದರು. ಅತ್ತೆ ಮುಚ್ಚಳವನ್ನು ತಳ್ಳಿದ್ದೇ ತಡ, ಪರದೆ ಕಪ್ಪಾಗಿ ದನಿ ಸತ್ತುಹೋಯಿತು. ಬಿಟ್ಟರೆ ಮತ್ತೆ ಬೆಳಕು. ತಳ್ಳಿದರೆ ಮತ್ತೆ ಕತ್ತಲೆ.

"ಮುಚ್ಚಳದಾಗೆ ಅಯಸ್ಕಾಂತ ಐತೆ ಮಾವ. ಅದು ಟ್ಯಾಬಿಗೆ ಅಂಟಿದ್ರೆ ಟ್ಯಾಬು ನಿದ್ದೆ ಮಾಡ್ತೈತೆ. ಮುಚ್ಚಳನ ತೆಗೆದೇಬಿಡ್ತೀನಿ" ಎಂದೆ.

"ತೆಗೀಬ್ಯಾಡ. ಸುಮ್ನೆ ಇರ್ಲಿ. ಕಣ್ಣಿಗಾದ್ರೂ ತಿದಿ ಇದ್ದಂಗೆ ಇರ್ಲಿ" ಎಂದರು. ಆ ಮಾತಿಗೆ ನಾನು ನಗಲಿಲ್ಲ. ಅಂದಿನಿಂದ ಪ್ರತಿ ಭಜನೆಗೂ ಅತ್ತೆ ಮೊದಲು ಮಾವನ ಎಡಗೈಯನ್ನು ತೊಡೆಯ ಮೇಲಿನಿಂದ ಎತ್ತಿ, ಆ ಮುಚ್ಚಳದ ಬೆನ್ನಿಗೆ ತಾಗಿಸಿ ಇಟ್ಟು, ಆಮೇಲೆ ತಾವು ತಾಳ ಹಿಡಿದು ಬಾಗಿಲ ಪಕ್ಕ ಕೂರತೊಡಗಿದರು. "ಅದರ ಜಾಗದಾಗೆ ಅದು ಕೂತಿರ್ಲಿ ಬಿಡ್ರಿ" ಎನ್ನುತ್ತಿದ್ದರು. ಭಜನೆ ಮುಗಿದ ಮೇಲೆ ಇಟ್ಟಲ್ಲೇ ಇರುತ್ತಿದ್ದ ಕೈಯನ್ನು ಅತ್ತೆಯೇ ಎತ್ತಿ ತಂದು ಮತ್ತೆ ತೊಡೆಯ ಮೇಲೆ ಇಡುತ್ತಿದ್ದರು.

ಮೊನ್ನೆ ಸೋಮವಾರ ನಾನೂ ನ್ಯಾಮತಿಯಲ್ಲಿದ್ದೆ. ಭಜನೆ ಏರಿತ್ತು. ಮಾವ ಎಂದಿನಂತೆ ಕಣ್ಣು ಮುಚ್ಚಿ ಮೈಮರೆತು ಹಾಡುತ್ತಿದ್ದರು. ಇದ್ದಕ್ಕಿದ್ದಂತೆ ಟ್ಯಾಬಿನ ದನಿ ನಿಂತಿತು. ನೋಡಿದರೆ ಪರದೆ ಕಪ್ಪು. "ಚಾರ್ಜು ಹೋಯ್ತೇನೋ" ಎಂದು ನಾನು ಏಳುವಷ್ಟರಲ್ಲಿ ಮತ್ತೆ ಬೆಳಗಿ ನುಡಿಯಿತು. ಮತ್ತೆ ಕತ್ತಲೆ. ಮತ್ತೆ ಬೆಳಕು. ಸಾಹೇಬರ ತಬಲ ಒಂಟಿಯಾಗಿ ದಾರಿ ಕಾಯುತ್ತಾ ನಿಂತಿತು. ಮಾವ ಕಣ್ಣು ಬಿಡದೆಯೇ ಸಿಡುಕಿದರು: "ಯಾರಿಗೇ ಹೇಳಿದ್ದು ನಾನು? ಆ ಮುಚ್ಚಳ ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೇ ನಿನಗೆ?"

"ನಾನೆಲ್ಲಿ ಮುಟ್ಟಿದೆನ್ರೀ?" ಎಂದರು ಅತ್ತೆ, ಬಾಗಿಲ ಪಕ್ಕದಿಂದ. ಅವರ ಎರಡೂ ಕೈಯಲ್ಲಿ ತಾಳವಿತ್ತು. ಹಾಗೆಂದವರೇ ಟ್ಯಾಬಿನ ಕಡೆ ನೋಡಿದರು. ಅವರ ಕೈಯಿಂದ ತಾಳ ಜಾರಿ ನೆಲಕ್ಕೆ ಬಿತ್ತು.

ಮುಚ್ಚಳವನ್ನು ಮಾವನ ಎಡಗೈ ತಳ್ಳುತ್ತಿತ್ತು. ಜೋರಾಗಿ ಅಲ್ಲ. ನಾಲ್ಕು ಬೆರಳು ಮುಚ್ಚಳದ ಬೆನ್ನನ್ನು ಒಂದಿಷ್ಟು ಮುಂದಕ್ಕೆ ಒತ್ತುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಒತ್ತುತ್ತಿದ್ದವು. ಮಾವನನ್ನು ಕೇಳದೆ, ಹಾಡಿನ ಲಯ ಹಿಡಿದು, ತನ್ನ ಹಳೆಯ ಕೆಲಸವನ್ನು ತಾನೇ ಮಾಡಿಕೊಂಡು ಹೋಗುತ್ತಿತ್ತು ಆ ಕೈ. ಗಾಳಿ ಬೇಕಿಲ್ಲದ ಪೆಟ್ಟಿಗೆಗೆ ಗಾಳಿ ಹಾಕುತ್ತಿತ್ತು.

ಸಾಹೇಬರು ತಬಲದಿಂದ ಕೈ ಎತ್ತಿದರು. ಮಾವ ಆಗ ಕಣ್ಣು ಬಿಟ್ಟರು. ನಮ್ಮ ಮುಖ ನೋಡಿದರು, ಅತ್ತೆಯ ಕಣ್ಣೀರು ನೋಡಿದರು, ಕೊನೆಗೆ ತಮ್ಮ ಕೈಯನ್ನು ನೋಡಿದರು. ಯಾರದೋ ಕೈ ತಮ್ಮ ಮನೆಗೆ ಬಂದಂತೆ ನೋಡಿದರು. ನನ್ನ ಎದೆಯ ಮೇಲೆ ಒಂದು ವರ್ಷದಿಂದ ಕೂತಿದ್ದ ಭಾರ ಇಳಿದುಹೋಯಿತು. ಅಳುವೋ ನಗುವೋ ತಿಳಿಯದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮಾವ ಬಲಗೈಯಿಂದ ಎಡಗೈಯನ್ನು ಎತ್ತಿಕೊಂಡು ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು. ಅದರ ನಡುವೆ ಹೆಬ್ಬೆರಳನ್ನು ಊರಿ ಒತ್ತಿದರು. ಕಣ್ಣು ಮುಚ್ಚಿದರು. ಕಾದರು. ಎಡಗೈ ಬೆರಳುಗಳು ಮೆಲ್ಲಗೆ ಮಡಚಿ ಆ ಹೆಬ್ಬೆರಳನ್ನು ಹಿಡಿದುಕೊಂಡವು.

"ಗಾಳಿ ಐತೆ ಕಣೇ" ಎಂದರು ಮಾವ, ಅತ್ತೆಯ ಕಡೆ ತಿರುಗಿ. "ಅಟ್ಟದಿಂದ ಪೆಟ್ಟಿಗೆ ಇಳಿಸಾಕೆ ಹೇಳು."