ಸರ್ಕಾರದ ಕುರ್ಚಿ

ಮಳೆಗಾಲದ ಆ ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಾಕಾ ತಮ್ಮ ಜೀವಮಾನದಲ್ಲೇ ಮೊದಲ ಸಲ ಸಭೆ ಕರೆಯದೆ ಒಂದು ನಿರ್ಧಾರ ತೆಗೆದುಕೊಂಡರು. ನಾನಿನ್ನೂ ಬದುಕಿದ್ದೇನೆ ಅನ್ನುವುದಕ್ಕೆ ಅದೊಂದೇ ಕಾರಣ!

ಕಾಕಾ ಒಂದು ಸ್ವಾಯತ್ತ ನಿಗಮದ ಮಂಡಳಿ ಶಾಖೆಯಲ್ಲಿ ಮೂವತ್ತು ವರ್ಷ ಸಭೆಯ ನಡಾವಳಿ ಬರೆದು ನಿವೃತ್ತರಾದವರು. ಸ್ವಾಯತ್ತ ಅಂದರೇನು ಎಂದು ನಾನೊಮ್ಮೆ ಕೇಳಿದ್ದೆ.

"ಸರ್ಕಾರ ನಮಗ ಕಾಗದದ ಮ್ಯಾಲೆ ಏನೂ ಹೇಳೂಹಂಗಿಲ್ಲವಾ."

"ಮತ್ತ?"

"ಫೋನಿನ್ಯಾಗ ಹೇಳತೈತಿ."

ಇಂಥವರು ನಿವೃತ್ತರಾದರೆ ಸುಮ್ಮನೆ ಕೂರುತ್ತಾರೆಯೇ? ಕೇಶ್ವಾಪುರದ ಮನೆಗೇ ಒಂದು ಆಡಳಿತ ಮಂಡಳಿ ರಚಿಸಿದರು. ಅಧ್ಯಕ್ಷರು ಕಾಕಾ. ಸದಸ್ಯರು ಅವರ ಹೆಂಡತಿ ಕಾಕು ಮತ್ತು ಅವರ ಮನೆಯಲ್ಲಿದ್ದುಕೊಂಡು ಧಾರವಾಡದ ಕಾಲೇಜಿನಲ್ಲಿ ಪಾಠ ಮಾಡುವ ನಾನು. ನಾಲ್ಕನೆಯವರು ಸರ್ಕಾರದ ಪ್ರತಿನಿಧಿ. ಅಂದರೆ ವರಾಂಡದಲ್ಲಿ ಸದಾ ಖಾಲಿ ಇರುವ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ!

"ಕಾಕಾ, ಯಾರೂ ಬರದಿದ್ದ ಮ್ಯಾಲೆ ಕುರ್ಚಿ ಯಾಕರಿ?"

"ಮೂವತ್ತು ವರ್ಷ ನಾ ನೋಡೇನಿ. ಅವರು ಬರಂಗಿಲ್ಲ. ಆದ್ರ ಕುರ್ಚಿ ಇರಬೇಕು."

ಆ ಕುರ್ಚಿಯ ಮೇಲೆ ಯಾರೂ ಕೂರುವಂತಿಲ್ಲ, ಟವೆಲ್ ಒಣಹಾಕುವಂತಿಲ್ಲ. ಒಮ್ಮೆ ಕಾಕು ಅದರ ಮೇಲೆ ಕೊತ್ತಂಬರಿ ಸಿವುಡು ಇಟ್ಟಿದ್ದಕ್ಕೆ "ಸರ್ಕಾರದ ಮೇಲೆ ಅನುಚಿತ ಪ್ರಭಾವ" ಎಂದು ನಡಾವಳಿಯಲ್ಲಿ ದಾಖಲಾಯಿತು.

ಪ್ರತಿ ಭಾನುವಾರ ಹತ್ತು ಗಂಟೆಗೆ ಸಭೆ. ನಾಲ್ವರಲ್ಲಿ ಮೂವರಿದ್ದರೆ ಮಾತ್ರ ಕೋರಂ. ಸರ್ಕಾರವಂತೂ ಬರುವುದಿಲ್ಲ. ಹೀಗಾಗಿ ಉಳಿದವರಲ್ಲಿ ಒಬ್ಬರು ಎದ್ದರೂ ಸಭೆ ಮುಂದಕ್ಕೆ! ಮಿಕ್ಸರ್ ಕೊಳ್ಳುವ ವಿಷಯ ಹೀಗೆಯೇ ಐದು ತಿಂಗಳು ಎಳೆಯಿತು. ಕೊನೆಗೆ ಕಾಕು ಪೇಟೆಗೆ ಹೋಗಿ ಮಿಕ್ಸರ್ ತಂದು ಅಧ್ಯಕ್ಷರ ಮುಂದೆಯೇ ಚಟ್ನಿ ರುಬ್ಬಿದರು. ಅಧ್ಯಕ್ಷರು ಚಟ್ನಿ ತಿಂದು, ಘಟನೋತ್ತರ ಅನುಮೋದನೆ ಕೊಟ್ಟರು. ಆಗಿಹೋದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಕೊಡುವುದಕ್ಕೆ ಮಂಡಳಿಯ ಭಾಷೆಯಲ್ಲಿ ಹಾಗನ್ನುತ್ತಾರೆ.

ಇಷ್ಟರವರೆಗೆ ಎಲ್ಲವೂ ತಮಾಷೆಯೇ. ಆಮೇಲೆ ತಂತಿಯ ವಿಷಯ ಬಂತು.

ನಮ್ಮ ಗೇಟಿನ ಮೇಲೆ ಹಾದುಹೋದ ಕರೆಂಟಿನ ತಂತಿಗೆ ರಸ್ತೆಯ ಬೇವಿನ ಟೊಂಗೆ ತಿಕ್ಕುತ್ತಿತ್ತು. ಗಾಳಿ ಬಂದಾಗ ಕಿಡಿ ಹಾರುತ್ತಿತ್ತು. ಲೈನ್‌ಮನ್‌ಗೆ ಒಂದು ಫೋನ್ ಮಾಡೋಣ ಎಂದೆ.

ಕಾಕಾ ನನ್ನನ್ನು ಕರುಣೆಯಿಂದ ನೋಡಿದರು. "ಗಿಡ ಒಂದು ಸಂಸ್ಥೆದು, ತಂತಿ ಇನ್ನೊಂದು ಸಂಸ್ಥೆದು. ಟೊಂಗಿ ತಂತಿಗೆ ತಾಗೈತೋ, ತಂತಿ ಟೊಂಗಿಗೆ ತಾಗೈತೋ? ಮೊದಲ ಅದು ತೀರ್ಮಾನ ಆಗಬೇಕು. ಆಮ್ಯಾಲೆ ಯಾರಿಗೆ ಪತ್ರ ಬರಿಯೂದು ಅಂತ ಠರಾವು."

ಮೊದಲ ಭಾನುವಾರ ಕಾಕು ಹಾಲು ಉಕ್ಕಿತೆಂದು ಎದ್ದರು. ಮುಂದಕ್ಕೆ! ಎರಡನೆಯ ಭಾನುವಾರ ನಾನು ಪರೀಕ್ಷೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದೆ. ಮುಂದಕ್ಕೆ! ಮೂರನೆಯ ಭಾನುವಾರ ಮೂವರೂ ಇದ್ದೆವು. ಆದರೆ ಹಿಂದಿನ ಸಭೆಯ ನಡಾವಳಿ ಓದುವಷ್ಟರಲ್ಲಿ ಕಾಕುವಿನ ತಂಗಿ ಬಂದಳು. ಮುಂದಕ್ಕೆ!

ಆ ಮಂಗಳವಾರ ಜಿಟಿಜಿಟಿ ಮಳೆ. ಬಸ್ಸಿಗೆ ತಡವಾಗಿತ್ತು. ಕೊಡೆಯನ್ನು ಮುಖದ ಮುಂದೆ ಇಳಿಸಿ ಹಿಡಿದು ಗೇಟಿನತ್ತ ಓಡುತ್ತಿದ್ದೆ. ಮೇಲೆ ಚಟ್ ಎಂದದ್ದು ಕೇಳಿಸಿತು. ಟೊಂಗೆ ಇರಬೇಕು ಅಂದುಕೊಂಡೆ. ಹಿಂದಿನಿಂದ "ನಿಲ್ಲು!" ಎಂಬ ಕೂಗು. ಸಭೆಯಲ್ಲಿ ಎಂದೂ ಏರದ ಆ ದನಿಯ ಗುರುತು ನನಗೆ ಸಿಗಲಿಲ್ಲ. ಇನ್ನೆರಡು ಹೆಜ್ಜೆ ಹಾಕಿದ್ದರೆ ಗೇಟಿನ ಚಿಲಕಕ್ಕೆ ಕೈ ಹಾಕುತ್ತಿದ್ದೆ. ಅಷ್ಟರಲ್ಲಿ ಏನೋ ಹಾರಿಬಂದು ಮೊಣಕಾಲ ಹಿಂದೆ ಬಡಿಯಿತು. ಧೊಪ್ಪನೆ ಬಿದ್ದೆ. ಕೊಡೆ ಉರುಳಿತು. ಆಗ ಕಂಡೆ. ಹರಿದ ತಂತಿ ಕಬ್ಬಿಣದ ಗೇಟಿನ ಮೇಲೆ ಜೋತುಬಿದ್ದು ನೀಲಿ ಕಿಡಿ ಕಾರುತ್ತಿತ್ತು.

ನನ್ನ ಪಕ್ಕದಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು ಸರ್ಕಾರದ ಕುರ್ಚಿ. ಇಷ್ಟು ವರ್ಷಗಳಲ್ಲಿ ಸರ್ಕಾರ ಮೊದಲ ಸಲ ಜನರ ಕೆಲಸಕ್ಕೆ ಬಂದಿತ್ತು!

"ಏಳಬ್ಯಾಡ! ಕುಂತಲ್ಲೇ ಹಿಂದ ಸರಿ!" ಎನ್ನುತ್ತಲೇ ಕಾಕಾ ಫೋನ್ ಮಾಡಿದರು. ಪತ್ರವಿಲ್ಲ, ಠರಾವಿಲ್ಲ. ಹತ್ತೇ ನಿಮಿಷದಲ್ಲಿ ಲೈನ್ ಬಂದ್ ಮಾಡಿಸಿ, ಲೈನ್‌ಮನ್ ಬಂದ. ತಂತಿ ಎಳೆದು ಹಾಕಿ, ಹೋಗುವಾಗ ಸಹಜವಾಗಿ ಅಂದ: "ಮೊದಲ ಒಂದು ಫೋನ್ ಹಚ್ಚಿದ್ರ ಟೊಂಗಿ ಕಡದು ಹೋಗತಿದ್ನೆಲ್ರಿ, ಸಾಹೇಬ್ರ."

ಕಾಕಾ ಮುರಿದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದರು.

ನನಗೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಚಿಲಕ, ಆ ಎರಡು ಹೆಜ್ಜೆ. ಗೇಟನ್ನು ಕೊಡೆಯ ತುದಿಯಿಂದ ತಳ್ಳಿ ಹೊರಗೆ ಹೋಗುತ್ತಿದ್ದೆ. ಫ್ರಿಜ್ಜಿನ ಬಾಗಿಲು ತೆಗೆಯಲೂ ಕೈಗೆ ಸೆರಗು ಸುತ್ತಿಕೊಳ್ಳುತ್ತಿದ್ದೆ! ಆ ವಾರದ ಭಾನುವಾರ ಸಭೆಯಾಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕಾಕಾ ಪೇಪರನ್ನು ಒಂದೇ ಪುಟಕ್ಕೆ ಹಿಡಿದುಕೊಂಡು ಕೂರುತ್ತಿದ್ದರು.

"ಸಭಾ ಕರೀರಿ," ಎಂದು ಕೊನೆಗೆ ಕಾಕುವೇ ಗೋಗರೆದರು. "ಹಾಲು ಉಕ್ಕಿದ್ರ ಉಕ್ಕಲಿ. ನಾ ಏಳಂಗಿಲ್ಲ."

ಮೂರನೆಯ ಭಾನುವಾರ ಹತ್ತು ಗಂಟೆಗೆ ವರಾಂಡದಲ್ಲಿ ಕುರ್ಚಿಗಳು ಬಂದವು. ನೀಲಿ ಕುರ್ಚಿ ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟುಕೊಂಡು ನಿಂತಿತ್ತು. ಕಾಕಾ ಪುಸ್ತಕ ತೆರೆದು ಓದತೊಡಗಿದರು.

"ವಿಷಯ ಒಂದು. ಕೋರಂ ಇಲ್ಲದೆ ಅಧ್ಯಕ್ಷರು ಕುರ್ಚಿ ಎಸೆದದ್ದಕ್ಕೆ ಘಟನೋತ್ತರ ಅನುಮೋದನೆ. ವಿಷಯ ಎರಡು…"

ಅಷ್ಟು ಓದಿ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಮೂವತ್ತು ವರ್ಷ ಅಲುಗದ ಆ ಅಕ್ಷರಗಳು ಒಂದೇ ಸಾಲಿನಲ್ಲಿ ಓಲಾಡಿದ್ದವು: "ತಂತಿಯ ವಿಷಯವನ್ನು ಮೂರು ಸಲ ಮುಂದೂಡಿದವರು ಅಧ್ಯಕ್ಷರು. ಇದಕ್ಕೆ ಅನುಮೋದನೆ ಕೋರಿಲ್ಲ."

ನಾನು ತಲೆಯೆತ್ತಿದೆ. ಕಾಕಾ ಗೇಟನ್ನೇ ನೋಡುತ್ತಿದ್ದರು.

"ವಿಷಯ ಒಂದಕ್ಕ… ಒಪ್ಪೋರು ಕೈ ಎತ್ರಿ," ಎಂದರು ಮೆಲ್ಲಗೆ.

ನಾನು ಕೈ ಎತ್ತಿದೆ. ಕಾಕು ಎರಡೂ ಕೈ ಎತ್ತಿದರು.

"ಎರಡ್ಯಾಕ?"

"ಒಂದು ಸರ್ಕಾರದ್ದರಿ. ಅದಕ್ಕ ಕಾಲು ಮುರದೈತಿ."

ಕಾಕಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಎದ್ದು ಹೋಗಿ, ಬರಿಗೈಯಿಂದ ಗೇಟಿನ ಚಿಲಕ ಹಾಕಿ ಬಂದೆ.

ಮರುದಿನ ಕಾಕು ನನ್ನನ್ನು ಅಲುಗಾಡಿಸಿ ಎಬ್ಬಿಸಿದಾಗ ಎಂಟು ಗಂಟೆ ಹತ್ತು ನಿಮಿಷವಾಗಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ.

"ಬಸ್ಸು ತಪ್ಪಿತು ಹೋಗು," ಎಂದರು ಕಾಕು. "ನಿಮ್ಮ ಕಾಕಾನೂ ಇನ್ನೂ ಎದ್ದಿಲ್ಲ. ಹತ್ತೊಂಬತ್ತು ದಿನದ್ದು ಒಮ್ಮೆಲೇ ಮಲಗ್ಯಾರ."

ಗೋಡೆಯಾಚೆಯಿಂದ ಅಧ್ಯಕ್ಷರ ಗೊರಕೆ ಕೇಳಿಸಿತು. ಒಂದು ಸಲವೂ ಮುಂದೂಡದೆ ಸಾಗುತ್ತಿತ್ತು.