ಹಡಗು ಹತ್ತಿದ ಕೊನೆಯ ಮೂರು ಅಧ್ಯಾಯಗಳು

ಕೊಲ್ಲಿ ನಾಡಿನಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಊರು ಯಾವುದು, ಕಂಪನಿ ಯಾವುದು, ಫ್ಯಾಮಿಲಿ ಇಲ್ಲಿದೆಯೋ ಊರಲ್ಲೋ, ರಜೆ ಯಾವಾಗ. ಇವಕ್ಕೆಲ್ಲ ನಾನು ನಿದ್ದೆಗಣ್ಣಿನಲ್ಲೂ ಉತ್ತರ ಕೊಡಬಲ್ಲೆ. ಆದರೆ "ಈಗ ಏನು ಓದುತ್ತಿದ್ದೀರಿ?" ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಸೆಕೆಯ ಮಾತೆತ್ತುತ್ತೇನೆ. ಓದುವುದಿಲ್ಲ ಎಂದಲ್ಲ, ಓದುತ್ತೇನೆ. ಕಳೆದ ಸಲ ಕೇಳಿದಾಗ ಓದುತ್ತಿದ್ದ ಪುಸ್ತಕವನ್ನೇ ಈಗಲೂ ಓದುತ್ತಿರುತ್ತೇನೆ ಎಂಬುದೇ ಕಷ್ಟ. ಇದು ನನಗೆ ತಂದೆಯ ಕಡೆಯಿಂದ ಬಂದ ಆಸ್ತಿ. ಅವರು ದಿನಪತ್ರಿಕೆಯನ್ನು ಟೆಂಡರ್ ನೋಟೀಸಿನವರೆಗೆ ಬಿಡದೆ ಓದುತ್ತಿದ್ದರು. ಅಮ್ಮ ಊಟಕ್ಕೆ ಕರೆದರೆ, "ಇರು, ಕಳೆದುಹೋದ ಎಮ್ಮೆಯ ಜಾಹೀರಾತು ಬಾಕಿ ಉಂಟು" ಎನ್ನುತ್ತಿದ್ದರು. ನಾನೂ ಅಷ್ಟೆ. ಮುನ್ನುಡಿ, ಅರ್ಪಣೆ, ಅಚ್ಚು ಹಾಕಿದವರ ವಿಳಾಸ ಎಲ್ಲ ಮುಗಿಸಿಯೇ ಕಥೆಗೆ ಇಳಿಯುವುದು. ನಡುವೆ ಒಳ್ಳೆಯ ಸಾಲೊಂದು ಬಂದರೆ ಪುಸ್ತಕ ತೊಡೆಯ ಮೇಲಿಟ್ಟು ಗೋಡೆ ನೋಡುತ್ತ ಕೂರುತ್ತೇನೆ. "ಗೋಡೆಯಲ್ಲಿ ಎಂತ ಬರ್ದಿದ್ದಾರೆ?" ಎಂದು ಹೆಂಡತಿ ವಿಜಯಾ ಕೇಳುವವರೆಗೆ.

ಇಂಥವನ ಮನೆಯಲ್ಲೇ ಓದುಗರ ಕೂಟ ನಡೆಯಬೇಕೆಂದು ಯಾವ ದೇವರು ನಿಶ್ಚಯಿಸಿದನೋ ಗೊತ್ತಿಲ್ಲ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ನಮ್ಮ ಫ್ಲಾಟು. ಆಗ ಶುಕ್ರವಾರವೇ ವಾರದ ರಜೆ. ಮಧ್ಯಾಹ್ನದ ಮೀನುಸಾರು, ಅದರ ಮೇಲಿನ ನಿದ್ದೆ ಎರಡೂ ಆದ ಮೇಲೆ, ಸಂಜೆಯ ಚಹಾದ ಹೊತ್ತಿಗೆ ನಾಲ್ಕೈದು ಜನ ಬಂದು ಸೇರುತ್ತಿದ್ದರು. ಭಾಷಣವಿಲ್ಲ, ಅಧ್ಯಕ್ಷರಿಲ್ಲ. ಒಬ್ಬೊಬ್ಬರೂ ತಾವು ಈಗ ಓದುತ್ತಿರುವುದು ಏನೆಂದು ಹೇಳಬೇಕು, ಅಷ್ಟೆ. ವಿಜಯಾ ತನ್ನ ಸರದಿ ಬಂದಾಗ, "ನಾನು ನಿಮ್ಮೆಲ್ಲರ ಮುಖ ಓದ್ತಿದ್ದೇನೆ. ಇನ್ನೊಂದು ಚಾ ಬೇಕು ಅಂತ ಕಾಣ್ತದೆ" ಎಂದು ಎದ್ದು ಹೋಗುತ್ತಿದ್ದಳು. ಅವಳಷ್ಟು ಸರಿಯಾಗಿ ಓದಿದವರು ಆ ಕೂಟದಲ್ಲಿ ಬೇರೆ ಯಾರೂ ಇರಲಿಲ್ಲ.

ಕೇಳಲು ಇದು ಸುಲಭ. ಆದರೆ ಇಲ್ಲಿ ಕನ್ನಡ ಪುಸ್ತಕ ಬರುವುದು ರಜೆ ಮುಗಿಸಿ ಬರುವವರ ಸೂಟ್‌ಕೇಸಿನಲ್ಲಿ. ಅಲ್ಲಿ ಅದು ಕುಚ್ಚಲಕ್ಕಿ, ಹಪ್ಪಳ, ತೆಂಗಿನೆಣ್ಣೆ, ಅತ್ತೆ ಕೊಟ್ಟ ಉಪ್ಪಿನಕಾಯಿ ಇವುಗಳ ಜೊತೆ ಜಗಳವಾಡಿ ಜಾಗ ಗಿಟ್ಟಿಸಿಕೊಳ್ಳಬೇಕು. ಹಾಗಾಗಿ ಯಾವ ಪುಸ್ತಕದ್ದೂ ಎರಡನೆಯ ಪ್ರತಿ ಇರುವುದಿಲ್ಲ. "ನಾನು ಇಂಥದ್ದನ್ನು ಓದುತ್ತಿದ್ದೇನೆ" ಎಂದು ಬಾಯಿ ಬಿಟ್ಟರೆ, "ನಿಮ್ಮದಾದ ಮೇಲೆ ನನಗೆ" ಎಂಬ ಮಾತು ಕೂಡಲೇ ಬರುತ್ತದೆ. ಅಲ್ಲಿಂದ ಮುಂದೆ ನೀವು ಓದುವುದು ಬೆನ್ನ ಹಿಂದೆ ನಿಂತವರಿಗಾಗಿ.

ಆ ವರ್ಷ ನನ್ನ ಕೈಯಲ್ಲಿದ್ದದ್ದು ಸದಾನಂದನ ಪುಸ್ತಕ. ನಮ್ಮ ಕೂಟದ ಸದಾನಂದ ನಗರದಿಂದ ದೂರ, ರುವೈಸಿನ ರಿಫೈನರಿಯಲ್ಲಿ ಇಂಜಿನಿಯರು. ಕಂಪನಿಯ ಕ್ವಾರ್ಟರ್ಸಿನಲ್ಲಿ ಒಬ್ಬನೇ ವಾಸ, ಎದುರಿಗೆ ಮರಳು, ಹಿಂದೆ ಸಮುದ್ರ. ಅವನು ಓದುವ ವೇಗವನ್ನು ಹೊಗಳಿದರೆ, "ನೀವೂ ರುವೈಸಿನಲ್ಲಿ ಇದ್ದು ನೋಡಿ, ಔಷಧಿ ಬಾಟಲಿಯ ಚೀಟಿಯನ್ನೂ ಎರಡು ಸಲ ಓದ್ತೀರಿ" ಎನ್ನುತ್ತಾನೆ. ಅವನು ಊರಿನ ಹಳೆಯ ಅಂಗಡಿಯೊಂದರಲ್ಲಿ ಹುಡುಕಿ ತಂದ ಕಾದಂಬರಿ ಅದು. ರಟ್ಟು ಸಡಿಲ, ಕಾಗದ ಹಳದಿ. ಅದರಲ್ಲಿನ ಗುಲಾಬಿ ಎಂಬ ಹೆಂಗಸು ನೂರಾರು ಪುಟ ಎಲ್ಲರ ಮಾತು ಕೇಳಿಸಿಕೊಂಡು, ಕೊನೆಗೊಂದು ದಿನ ಗಂಟು ಕಟ್ಟಿಕೊಂಡು ಹೊಳೆಯ ಕಡವಿಗೆ ಬಂದು ದೋಣಿಗಾಗಿ ಕಾಯುತ್ತಾಳೆ. ಹಿಂದಿನಿಂದ ಅವಳ ಅಣ್ಣ ಬರುತ್ತಿದ್ದಾನೆ. ಕರೆದೊಯ್ಯಲೋ, ಕಳಿಸಿಕೊಡಲೋ ಗೊತ್ತಿಲ್ಲ. ಇಲ್ಲಿಗೆ ಬರಲು ನನಗೆ ಚಳಿಗಾಲವೇ ಬೇಕಾಯಿತು. ಇನ್ನು ಮೂರು ಅಧ್ಯಾಯ ಬಾಕಿ.

ನನ್ನ ನಂತರದ ಸರದಿ ಫೆಲಿಕ್ಸ್ ಪೊರ್ಬುಗಳದು. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎಂದೇ ಕರೆಯುವುದು. ಆಸ್ಪತ್ರೆಯೊಂದರ ಸ್ಟೋರಿನಲ್ಲಿ ದುಡಿದವರು, ಶಿರ್ವದ ಕಡೆಯವರು, ಮನೆಮಾತು ಕೊಂಕಣಿ, ಓದು ಮಾತ್ರ ಕನ್ನಡ. ವಯಸ್ಸಾಯಿತು, ವೀಸಾ ಇನ್ನು ಮುಂದುವರಿಯುವುದಿಲ್ಲ, ಮಾರ್ಚ್ ಕೊನೆಗೆ ಎಲ್ಲ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಒಂದು ಶುಕ್ರವಾರ ಎಲ್ಲರೂ ಹೋದ ಮೇಲೂ ಅವರು ಸೋಫಾ ಬಿಟ್ಟು ಏಳಲಿಲ್ಲ.

"ಶೆಟ್ರೆ, ನಿಮ್ಮ ಗುಲಾಬಿ ಎಲ್ಲಿಯವರೆಗೆ ಬಂದ್ಲು?" ಎಂದು ಕೇಳಿದರು.

"ಕಡವಿನಲ್ಲಿ ನಿಂತಿದ್ದಾಳೆ ಪೊರ್ಬುಗಳೇ."

"ಹೋದ ವಾರವೂ ಅಲ್ಲೇ ನಿಂತಿದ್ಲಲ್ಲ ಮಾರಾಯ್ರೆ. ಕಾಲು ನೋವಾಗುದಿಲ್ವಾ ಆ ಹೆಂಗಸಿಗೆ?" ನಗಾಡಿದರು. ಆಮೇಲೆ ದನಿ ತಗ್ಗಿಸಿ, "ನನಗೆ ಅದನ್ನು ಇಲ್ಲಿಂದ ಹೋಗುವ ಮೊದಲು ಓದಿ ಮುಗಿಸ್ಬೇಕಿತ್ತು. ಊರಲ್ಲಿ ಎಲ್ಲ ಉಂಟು. ಮನೆ ಉಂಟು, ಬಾವಿ ಉಂಟು, ಇಗರ್ಜಿ ನಡೆದು ಹೋಗುವಷ್ಟು ಹತ್ತಿರ ಉಂಟು. ಆದ್ರೆ ಈಗ ಎಂತ ಓದ್ತಿದ್ದೀರಿ ಅಂತ ಕೇಳ್ಲಿಕ್ಕೆ ಯಾರಿದ್ದಾರೆ? ರಜೆಯಲ್ಲಿ ಹೋದಾಗ ನೋಡಿದ್ದೇನಲ್ಲ. ಶುಗರ್ ಎಷ್ಟುಂಟು ಅಂತ ಕೇಳ್ತಾರೆ, ಅಲ್ಲಿಗೆ ಖಲಾಸ್" ಎಂದರು.

ಎದ್ದು ಹೋಗಿ ಪುಸ್ತಕ ತಂದು ಕೈಗಿಟ್ಟೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಕೊನೆಗೊಂದು ಒಪ್ಪಂದವಾಯಿತು. ಅವರು ಗುರುವಾರದೊಳಗೆ ಕಡವಿನವರೆಗೆ ಓದಿ ನನ್ನನ್ನು ಹಿಡಿಯಬೇಕು. ಮರುದಿನ, ಅಂದರೆ ಅವರ ಕೊನೆಯ ಶುಕ್ರವಾರದಂದು, ಉಳಿದ ಮೂರು ಅಧ್ಯಾಯಗಳನ್ನು ಕೂಟದಲ್ಲಿ ಎಲ್ಲರ ಎದುರು ಅವರೇ ಗಟ್ಟಿಯಾಗಿ ಓದಬೇಕು. ಪೊರ್ಬುಗಳು ಇಗರ್ಜಿಯಲ್ಲಿ ಬೈಬಲ್ ವಾಚನ ಮಾಡಿದವರು, ತೂಕದ ದನಿ. ಅವರ ಮುಖ ಅರಳಿತು.

ಗುರುವಾರ ಸಂಜೆ ಅವರ ಫೋನು ಬಂತು. "ಶೆಟ್ರೆ, ಗುಲಾಬಿ ಹೋದ್ಲು."

"ಅಯ್ಯೋ, ಮುಂದೆ ಓದಿಬಿಟ್ಟಿರಾ?"

"ಓದಿದ್ದಲ್ಲ ಮಾರಾಯ್ರೆ, ಕಡವಿನಲ್ಲೇ ನಿಲ್ಲಿಸಿದ್ದೆ. ಕಾರ್ಗೋದಲ್ಲಿ ಹೋದ್ಲು."

ಊರಿಗೆ ಸಾಮಾನು ಹಡಗಿನಲ್ಲಿ ಕಳಿಸುವ ಕಾರ್ಗೋದವರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅವರು ಮನೆಗೆ ಬಂದರೆಂದರೆ ಕಣ್ಣಿಗೆ ಕಂಡದ್ದು ಪೆಟ್ಟಿಗೆಗೆ. ಪೊರ್ಬುಗಳು ಅವರಿಗೆ ಜ್ಯೂಸ್ ತರಲು ಕೆಳಗಿನ ಅಂಗಡಿಗೆ ಇಳಿದಿದ್ದಾರೆ, ಹೆಂಡತಿ ಸಿಸಿಲಿ ಬಾಯಿ ಅಡಿಗೆಮನೆಯಲ್ಲಿ ಪಾತ್ರೆ ಎಣಿಸುತ್ತಿದ್ದಾರೆ. ಅಷ್ಟರಲ್ಲಿ ಮಂಚದ ಮೇಲಿದ್ದ ಹೊದಿಕೆ, ಹೊದಿಕೆಯ ಮೇಲಿದ್ದ ಪುಸ್ತಕ, ಫ್ಲಾಟಿನ ಯಜಮಾನರಿಗೆ ವಾಪಸು ಕೊಡಬೇಕಾಗಿದ್ದ ಏಸಿ ರಿಮೋಟು, ಎಲ್ಲವನ್ನೂ ತುಂಬಿ ಟೇಪು ಸುತ್ತಿ ಹೊರಟೇ ಹೋಗಿದ್ದರು. ಫೋನ್ ಮಾಡಿ ಕೇಳಿದರೆ, ಪೆಟ್ಟಿಗೆ ಕಂಟೇನರಿನ ಒಳಗೆ ಸೇರಿದೆ, ಇನ್ನು ಊರಲ್ಲೇ ಸಿಗುವುದು, ತಿಂಗಳ ಮೇಲಾಗಬಹುದು ಎಂಬ ಉತ್ತರ.

ಕೊನೆಯ ಶುಕ್ರವಾರ ಬಂತು. ವಾಡಿಕೆಯಂತೆ ನಾನು ಕೇಳಿದೆ, "ಪೊರ್ಬುಗಳೇ, ಈಗ ಏನು ಓದ್ತಿದ್ದೀರಿ?"

"ಅದೇ. ಹಡಗಿನಲ್ಲುಂಟು."

ಎಲ್ಲರೂ ನಕ್ಕರು. ಆಗ ಗುಲಾಬಿ ಏನು ಮಾಡಿರಬಹುದೆಂದು ಚರ್ಚೆ ಶುರುವಾಯಿತು. ದೋಣಿ ಹತ್ತಿಯೇ ಹತ್ತುತ್ತಾಳೆ ಎಂದು ನಾನು. ಅಣ್ಣನೇ ದೋಣಿ ತಳ್ಳಿಕೊಡುತ್ತಾನೆ ಎಂದು ಪೊರ್ಬುಗಳು. "ಎಂತದ್ದೂ ಇಲ್ಲ, ಒಲೆ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಓಡಿ ಹೋಗ್ತಾಳೆ" ಎಂದು ವಿಜಯಾ. ಮೂಲೆಯಲ್ಲಿ ಕೂತಿದ್ದ ನಮ್ಮ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಜಸ್ಟ್ ಸರ್ಚ್ ಇಟ್, ಅಪ್ಪಾ" ಎಂದಳು. ಹುಡುಕಿದರೆ ರಟ್ಟಿನ ಒಂದು ಮಸುಕು ಚಿತ್ರದ ಹೊರತು ಏನೂ ಸಿಗಲಿಲ್ಲ. ಪೂರ್ತಿ ಓದಿದವನು ಸದಾನಂದನೊಬ್ಬನೇ. ಅವನು ಬಾಯಿ ತೆರೆಯಕೂಡದೆಂದು ಎಲ್ಲರೂ ಕಟ್ಟಪ್ಪಣೆ ಮಾಡಿದ್ದರಿಂದ ತುಟಿ ಬಿಗಿದು, ಚಕ್ಕುಲಿಯ ಮೇಲೆ ಚಕ್ಕುಲಿ ತಿನ್ನುತ್ತ ಕೂತಿದ್ದ. ಅಷ್ಟು ಚೆಂದದ ಕೂಟ ನಮ್ಮಲ್ಲಿ ಮತ್ತೆ ನಡೆದಿಲ್ಲ. ಲಿಫ್ಟಿನ ಬಾಗಿಲಲ್ಲಿ ಪೊರ್ಬುಗಳು ನನ್ನ ಕೈ ಹಿಡಿದು, "ಪೆಟ್ಟಿಗೆ ಬರಲಿ, ಓದಿ ಹೇಳ್ತೇನೆ" ಎಂದರು. ನನಗೆ ಕಣ್ಣು ತುಂಬಿ ಬಂತು. ಪಕ್ಕದ ಫ್ಲಾಟಿನ ಈಜಿಪ್ಟಿನವರು ಕಸದ ಚೀಲ ಹಿಡಿದು ಕಾಯುತ್ತಿದ್ದುದರಿಂದ ಬೇಗ ಬೀಳ್ಕೊಟ್ಟೆ.

ಮೇ ತಿಂಗಳಲ್ಲಿ ಪೆಟ್ಟಿಗೆ ಶಿರ್ವ ತಲುಪಿತು. ಫೋನಿನಲ್ಲಿ ಇಂಟರ್ನೆಟ್ ಮೂಲಕ ಮಾತಾಡಲು ಇಲ್ಲಿ ಆಗುವುದಿಲ್ಲ, ದನಿ ಮುದ್ರಿಸಿ ಕಳಿಸಿದರೆ ಬರುತ್ತದೆ. ಶುಕ್ರವಾರ, ಸರಿಯಾಗಿ ನಮ್ಮ ಚಹಾದ ಹೊತ್ತಿಗೆ ಪೊರ್ಬುಗಳ ಮೊದಲ ವಾಯ್ಸ್ ಮೆಸೇಜು ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಒಂದೂವರೆ ಪುಟ ಓದಿ, "ಇವತ್ತಿಗೆ ಇಷ್ಟು ಸಾಕು" ಎಂದು ನಿಲ್ಲಿಸಿದ್ದರು. ಗುಲಾಬಿ ಇನ್ನೂ ಕಡವಿನಲ್ಲೇ ಇದ್ದಳು. ಮುಂದಿನ ಶುಕ್ರವಾರ ಮತ್ತೆ ಒಂದೂವರೆ ಪುಟ. ನನ್ನಂಥ ನಿಧಾನಸ್ಥನಿಗೇ ತಡೆಯಲಾಗದಷ್ಟು ನಿಧಾನ. ಜೂನ್ ಕಳೆಯುವ ಹೊತ್ತಿಗೆ ಅಣ್ಣ ಬಂದು ನಿಂತಿದ್ದ, ಬಾಯಿ ಮಾತ್ರ ಬಿಟ್ಟಿರಲಿಲ್ಲ. "ಇವರಿಗೆ ಪಾಪ ಕಣ್ಣು ಸರಿ ಕಾಣುವುದಿಲ್ಲವೋ ಏನೋ" ಎಂದು ನಾನು ವಿಜಯಾಳ ಹತ್ತಿರ ಮರುಗಿದೆ.

ಶಾಲೆಗೆ ರಜೆ ಸಿಕ್ಕಿ ವಿಜಯಾ ಮಗಳೊಂದಿಗೆ ಊರಿಗೆ ಹೋದವಳು ಒಂದು ದಿನ ಶಿರ್ವಕ್ಕೂ ಹೋದಳು. ವಾಪಸು ಬಂದು, ಉಪ್ಪಿನಕಾಯಿಯ ಭರಣಿಯನ್ನು ಮೇಜಿನ ಮೇಲಿಡುತ್ತ ಹೇಳಿದಳು. "ನಿಮ್ಮ ಪೊರ್ಬುಗಳಿಗೆ ಕಣ್ಣಿಗೆ ಎಂತ ಆಗಿದೆ? ಪೆಟ್ಟಿಗೆ ಒಡೆದ ದಿವಸವೇ ಆ ಪುಸ್ತಕ ಹಿಡಿದು ಕೂತವರು ಮುಗಿಸಿಯೇ ಎದ್ದದ್ದಂತೆ. ಸಿಸಿಲಿ ಬಾಯಿ ಹೇಳಿದ್ರು. ಶುಕ್ರವಾರ ಬಂದ್ರೆ ಮಧ್ಯಾಹ್ನವೇ ಸ್ನಾನ ಮಾಡ್ತಾರಂತೆ, ಇಸ್ತ್ರಿ ಮಾಡಿದ ಶರ್ಟ್ ಹಾಕ್ತಾರಂತೆ, ನಿಮಗೆ ಕಳಿಸುವ ಒಂದೂವರೆ ಪುಟವನ್ನು ಮೊದಲು ಎರಡು ಸಲ ಓದಿ ಅಭ್ಯಾಸ ಮಾಡ್ತಾರಂತೆ. ಶೆಟ್ರು ಕಾಯ್ತಿರ್ತಾರೆ, ಶೆಟ್ರು ಕಾಯ್ತಿರ್ತಾರೆ ಅಂತ ಮನೆಯಿಡೀ ಗಡಿಬಿಡಿ." ಆಮೇಲೆ ಸೂಟ್‌ಕೇಸಿನ ಅಡಿಯಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಅದೇ ಕಾದಂಬರಿಯ ಇನ್ನೊಂದು ಹಳೆಯ ಪ್ರತಿ. ನನ್ನ ಚಡಪಡಿಕೆ ನೋಡಲಾರದೆ ಎಲ್ಲೆಲ್ಲೋ ವಿಚಾರಿಸಿ ತಂದಿದ್ದಳು.

ಅದನ್ನು ತೆರೆಯಬಾರದೆಂದು ನಿರ್ಧರಿಸಿದೆ. ನಿರ್ಧಾರ ಶನಿವಾರದ ಮಧ್ಯಾಹ್ನದವರೆಗೆ ಬಾಳಿತು. ಮೂರು ಅಧ್ಯಾಯಗಳನ್ನೂ ಕೂತಲ್ಲಿಂದ ಏಳದೆ, ಗೋಡೆ ನೋಡದೆ ಓದಿ ಮುಗಿಸಿದೆ. ಬದುಕಿನಲ್ಲಿ ಅಷ್ಟು ವೇಗವಾಗಿ ನಾನು ಬೇರೇನನ್ನೂ ಓದಿಲ್ಲ. ಗುಲಾಬಿ ಏನು ಮಾಡಿದಳೆಂದು ನನಗೀಗ ಗೊತ್ತು, ನಿಮಗೆ ಹೇಳುವುದಿಲ್ಲ. ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟೆ.

ಅಂದಿನಿಂದ ಪ್ರತಿ ಶುಕ್ರವಾರ, ಕಥೆ ಮುಗಿಸಿದ ಒಬ್ಬರು ಶಿರ್ವದಲ್ಲಿ ಕೂತು ಮುಂದೇನೋ ಎಂಬಂತೆ ಓದುತ್ತಾರೆ, ಕಥೆ ಮುಗಿಸಿದ ಇನ್ನೊಬ್ಬ ಅಬುಧಾಬಿಯಲ್ಲಿ ಕೂತು "ಮುಂದೆಂತಾಯ್ತು ಪೊರ್ಬುಗಳೇ?" ಎಂದು ಕೇಳುತ್ತಾನೆ. ಆದರೆ ಒಂದೂವರೆ ಪುಟವಾದರೂ ಪುಟವೇ, ಒಂದು ದಿನ ತೀರಲೇಬೇಕು. ವರ್ಷ ಕಳೆಯುವ ಹೊತ್ತಿಗೆ ಇನ್ನು ಒಂದೇ ಸಲದ ಓದು ಉಳಿಯಿತು. ಆ ವಾರವಿಡೀ ನನಗೆ ಆಫೀಸಿನಲ್ಲಿ ಕೆಲಸ ಹತ್ತಲಿಲ್ಲ. ಶುಕ್ರವಾರ ಅವರ ಸಂದೇಶ ಬರುವ ಮೊದಲೇ ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದೆ. "ಪೊರ್ಬುಗಳೇ, ತಪ್ಪು ತಿಳೀಬೇಡಿ. ಆ ಅಣ್ಣ ಯಾಕೆ ಬಂದದ್ದು ಅಂತ ನನಗೆ ಮರ್ತೇ ಹೋಗಿದೆ. ಕೊನೆಯದ್ದು ಈಗ ಬೇಡ. ಕಡವಿನಿಂದ ಇನ್ನೊಮ್ಮೆ ಓದ್ತೀರಾ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಇಷ್ಟು ತಿಂಗಳಲ್ಲಿ ಅಷ್ಟು ಖುಷಿಯಾಗಿ ಅವರು ನನ್ನನ್ನು ಬೈದದ್ದಿಲ್ಲ. "ಎಂತ ಶೆಟ್ರೆ ನೀವು, ತಲೆಯೋ ಅದು ತರಕಾರಿ ಬುಟ್ಟಿಯೋ? ಹೀಗಾದ್ರೆ ಕಡವಿನಿಂದ ಓದಿ ಏನೂ ಪ್ರಯೋಜನ ಇಲ್ಲ. ಮೊದಲ ಪುಟದಿಂದಲೇ ಓದುವ."

ಕೂಟದಲ್ಲಿ ಇದನ್ನು ಎಲ್ಲರೂ ಕೇಳಿಸಿಕೊಂಡರು. ಸದಾನಂದ ಚಕ್ಕುಲಿ ಕೆಳಗಿಟ್ಟು, "ಓದಿ ಹೇಳಿದ್ದೂ ನೆನಪಿರೂದಿಲ್ವಾ ನಿಮಗೆ?" ಎಂದು ನನ್ನನ್ನು ಮರುಕದಿಂದ ನೋಡಿದ. ಉಳಿದವರು ಬಾದಾಮಿ ತಿನ್ನಿ, ಬ್ರಾಹ್ಮಿ ತಿನ್ನಿ ಎಂದು ಸಲಹೆ ಕೊಟ್ಟರು. ನನ್ನ ಸುಳ್ಳು ಗೆದ್ದಿತು, ಪೊರ್ಬುಗಳ ಶುಕ್ರವಾರಗಳೂ ಉಳಿದವು. ಆದರೆ ಇಷ್ಟು ಜನರಲ್ಲಿ ಒಬ್ಬರಾದರೂ, "ಛೇ, ಶೆಟ್ರು ಅಷ್ಟೊಂದು ದಡ್ಡರಲ್ಲ" ಎಂದು ಅನುಮಾನಪಡಬಹುದಿತ್ತಲ್ಲ ಎಂದು ನನಗೆ ಈಗಲೂ ಸ್ವಲ್ಪ ಬೇಸರವಿದೆ.