ಸರದಾರನಿಗೆ ಕುರು ಎದ್ದಾಗ

ಅಣ್ಣತಮ್ಮಂದಿರ ಹೊಲ ನೋಡಿ ಹೊಟ್ಟೆಕಿಚ್ಚು ಪಡುವವರಿದ್ದಾರೆ, ಪಕ್ಕದ ಮನೆಯವರ ಹೊಸ ಗಾಡಿ ನೋಡಿ ಊಟ ಬಿಟ್ಟವರಿದ್ದಾರೆ. ಅಂಥ ಹೊಟ್ಟೆಕಿಚ್ಚಿಗೆ ಜನರಲ್ಲಿ ಒಂದು ಮರ್ಯಾದೆ ಇದೆ. ಚಹಾದಂಗಡಿಯಲ್ಲಿ ಕೂತು ಹೇಳಿಕೊಂಡರೆ ನಾಲ್ಕು ಜನ ತಲೆಯಾಡಿಸುತ್ತಾರೆ, ಐದನೆಯವನು ತನ್ನದೂ ಒಂದು ಸೇರಿಸುತ್ತಾನೆ. ಆದರೆ ಐವತ್ತು ದಾಟಿದ ಗಂಡಸು, ಹೈಸ್ಕೂಲಿನ ಗುಮಾಸ್ತ, ತನ್ನ ಮನೆಯ ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಯಾರ ಮುಂದೆ ಹೇಳಬೇಕು? ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ, ನೀವು ನಮ್ಮ ಜಮಖಂಡಿಯವರಲ್ಲ ಎಂಬ ಧೈರ್ಯದ ಮೇಲೆ.

ನಾಯಿಯ ಹೆಸರು ಸರದಾರ, ಮುಧೋಳ ತಳಿ. ನನ್ನ ಹೆಂಡತಿ ಗಿರಿಜಾಳ ತವರು ಮುಧೋಳದ ಹತ್ತಿರದ ತಿಮ್ಮಾಪುರ. ಮದುವೆಯಲ್ಲಿ ನನಗೆ ವಾಚು ಕೊಡುತ್ತೇನೆಂದು ಹೇಳಿ ಮರೆತೇಬಿಟ್ಟ ಅವಳ ತಮ್ಮ, ಎರಡು ವರ್ಷದ ಹಿಂದೆ ಈ ಮರಿಯನ್ನು ಬಗಲಲ್ಲಿ ಅವುಚಿಕೊಂಡು ಬಂದ. ತವರಿನ ಸೀರೆಗೇ ಹೆಸರಿಡುವ ಹಾಗಿಲ್ಲ, ಇನ್ನು ತವರಿನ ನಾಯಿಗೆ ಯಾರು ಹೆಸರಿಟ್ಟಾರು? ಎಷ್ಟು ತಿಂದರೂ ಪಕ್ಕೆಲುಬು ಕಾಣುವ ಜಾತಿ ಅದು. ಆ ಪಕ್ಕೆಲುಬು ಕಂಡಾಗಲೆಲ್ಲ ಗಿರಿಜಾ ಮರುಗಿ ಇನ್ನೊಂದು ರೊಟ್ಟಿಗೆ ತುಪ್ಪ ಸವರುತ್ತಾಳೆ. ನನಗೆ ಮಾತ್ರ ಡಾಕ್ಟರು ತುಪ್ಪ ಬಿಡಿಸಿದ್ದಾರೆ ಎಂಬುದು ಅವಳಿಗೆ ಯಾವತ್ತೂ ಮರೆಯುವುದಿಲ್ಲ.

ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಹೊರಸಿನ ವಿಷಯ. ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನುಲಿ ಹೆಣೆದ ಒಂದು ಹೊರಸಿದೆ, ಅಂದರೆ ಹಗ್ಗದ ಮಂಚ, ಮೇಲೊಂದು ಹಳೆಯ ಕೌದಿ. ಇಪ್ಪತ್ತಾರು ವರ್ಷ ಸಂಜೆ ಶಾಲೆಯಿಂದ ಬಂದು ನಾನು ಅದರ ತಲೆದೆಸೆಗೆ ಕೂರುವುದು, ಕಾಲ್ದೆಸೆಗೆ ಗಿರಿಜಾ ಮೆಂತ್ಯೆ ಸೊಪ್ಪು ಸೋಸುತ್ತ ಕೂರುವುದು, ನಾನು ಹೆಡ್‌ಮಾಸ್ತರರ ಸುದ್ದಿ ಹೇಳುವುದು, ಅವಳು ಕೇಳಲಿ ಬಿಡಲಿ ‘ಹ್ಞೂಂ’ ಅನ್ನುವುದು. ನಮ್ಮ ಸಂಸಾರದಲ್ಲಿ ಪ್ರೀತಿ ಅಂತ ಏನಾದರೂ ಇದ್ದರೆ ಅದು ಆ ಹ್ಞೂಂನಲ್ಲೇ ಇತ್ತು. ಈಗ ತಲೆದೆಸೆಗೆ ಸರದಾರ ಮಲಗುತ್ತಾನೆ, ನನಗೆ ಪ್ಲಾಸ್ಟಿಕ್ ಕುರ್ಚಿ. ನಾನು ಹೆಡ್‌ಮಾಸ್ತರರ ಸುದ್ದಿ ತೆಗೆದರೆ ಗಾಳಿಗೆ ಹೇಳಿದ ಹಾಗೆ. ಅವನು ಸುಮ್ಮನೆ ಆಕಳಿಸಿದರೂ ಅವಳು ‘ಹ್ಞೂಂ, ಏನಪಾ’ ಎಂದು ವಿಚಾರಿಸುತ್ತಾಳೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಆಕಳಿಕೆಯನ್ನು ಯಾರೂ ವಿಚಾರಿಸಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ಮಾಡಿದ ಕೆಲಸವನ್ನು ಹೇಳಿಯೇಬಿಡುತ್ತೇನೆ. ಹೊಲದವರು ದನ ನುಗ್ಗುವ ಕಿಂಡಿಗೆ ಮುಳ್ಳಿನ ಬಾರಿಕಂಟಿ ಹಚ್ಚುವುದನ್ನು ನೀವು ನೋಡಿರಬಹುದು. ನಮ್ಮ ಹಿತ್ತಲಲ್ಲೂ ಬೇಲಿಗೆಂದು ತಂದ ಒಂದು ಹೊರೆ ಬಿದ್ದಿತ್ತು. ಅದರಿಂದ ಗೇಣುದ್ದದ ಟೊಂಗೆ ಮುರಿದು ಕೌದಿಯ ಮಡಿಕೆಯಲ್ಲಿ, ಸರಿಯಾಗಿ ತಲೆದೆಸೆಗೆ ಇಟ್ಟೆ. ಚುಚ್ಚಿದರೆ ಎದ್ದು ಹೋಗಲಿ ಎಂಬಷ್ಟೇ ಉದ್ದೇಶ. ಸರದಾರ ಬಂದ, ಎಂದಿನಂತೆ ಮೂರು ಸುತ್ತು ಸುತ್ತಿದ, ಧೊಪ್ಪನೆ ಬಿದ್ದುಕೊಂಡ, ಕುಂಯ್ ಎಂದು ಎದ್ದು ಓಡಿದ. ನಾನು ಟೊಂಗೆಯನ್ನು ಸದ್ದಿಲ್ಲದೆ ಗಟಾರಕ್ಕೆ ಎಸೆದು ನನ್ನ ಜಾಗದಲ್ಲಿ ಕೂತೆ. ನಾಲ್ಕು ಸಂಜೆ ಹಾಗೇ ಕೂತೆ. ಆದರೆ ಗಿರಿಜಾ ನಾಯಿ ಯಾಕೆ ಹತ್ತಿರ ಬರುತ್ತಿಲ್ಲವೆಂದು ಬಾಗಿಲ ಕಡೆಯೇ ನೋಡುತ್ತಿದ್ದಳು. ಜಾಗ ಸಿಕ್ಕಿತು, ಹ್ಞೂಂ ಸಿಗಲಿಲ್ಲ.

ಐದನೆಯ ದಿನ ಸರದಾರನ ಹಿಂದಿನ ತೊಡೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು. ಮರುದಿನಕ್ಕೆ ಅದು ಮೋಸಂಬಿಯಾಯಿತು. ಗಿರಿಜಾ ಊಟ ಬಿಟ್ಟಳು. ಜೋಳದ ಹಿಟ್ಟಿಗೆ ಅರಿಶಿನ ಹಾಕಿ ಬೇಯಿಸಿ, ಬಿಸಿ ತನ್ನ ಕೈಗೆ ಹಚ್ಚಿ ನೋಡಿ, ಊದಿ ಊದಿ ಅವನಿಗೆ ಕಟ್ಟಿದಳು. ಇಲ್ಲೊಂದು ಹಳೆಯ ಮಾತು ಹೇಳಬೇಕು. ಹಿಂದೊಮ್ಮೆ ನನಗೂ ಕುರು ಎದ್ದಿತ್ತು. ವಾರಗಟ್ಟಲೆ ಕಚೇರಿಯಲ್ಲಿ ನಿಂತೇ ಬರೆದೆ. ಆಗ ಇದೇ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಹಣ್ಣಾದ ಮೇಲೆ ತಾನೇ ಒಡೆಯುತ್ತದೆ, ಕುರುವಿಗೆ ಯಾರೂ ಸತ್ತಿಲ್ಲ ಎಂದಿದ್ದಳು. ಊದುವುದು ಹಾಗಿರಲಿ, ತಿರುಗಿಯೂ ನೋಡಿರಲಿಲ್ಲ.

ನಮ್ಮ ಕಡೆ ಯಾರಾದರೂ ಜಡ್ಡಿಗೆ ಬಿದ್ದರೆ ಮಾತಾಡಿಸಿ ಬರುವ ರೂಢಿ. ನನ್ನ ಕುರುವಿಗೆ ಒಬ್ಬರೂ ಬಂದಿರಲಿಲ್ಲ. ಅದು ಎದ್ದಿದ್ದ ಜಾಗ ನಾಲ್ಕು ಜನ ಬಂದು ನೋಡುವಂಥದಲ್ಲ, ಖರೆ, ಆದರೆ ಬಂದು ಮುಖ ನೋಡಿ ಹೋಗಬಹುದಿತ್ತಲ್ಲ? ಸರದಾರನನ್ನು ಮಾತಾಡಿಸಲು ಓಣಿಯೆಲ್ಲ ಬಂತು. ಪಕ್ಕದ ಮನೆಯ ಕಾಶವ್ವ ಬಿಸ್ಕೀಟು ತಂದು, ಅವನ ತಲೆ ಸವರಿ, ಯಾರ ಕಣ್ಣು ಬಿತ್ತೋ ಎಂದು ಕಣ್ಣೊರೆಸಿಕೊಂಡಳು. ನಾನು ಚಹಾದ ಕಪ್ಪುಗಳನ್ನು ಒಳಗೂ ಹೊರಗೂ ಸಾಗಿಸಿದೆ.

ಕೊನೆಗೆ ಆಟೋ ಹಿಡಿದು ದನದ ದವಾಖಾನೆಗೆ ಹೋದೆವು. ನಾಯಿಯ ತಲೆ ಗಿರಿಜಾಳ ತೊಡೆಯ ಮೇಲೆ, ಬಾವು ನನ್ನ ತೊಡೆಯ ಮೇಲೆ. ಡಾಕ್ಟರಮ್ಮ ಕೂದಲು ಬೋಳಿಸಿ, ಹಣ್ಣಾಗಿದೆ ಎಂದು ಸೂಜಿಮದ್ದು ಕೊಟ್ಟು, ಸಣ್ಣಗೆ ಕೊಯ್ದರು. ಕೀವು ಹರಿದು ಬಂತು. ನಾನು ಗೋಡೆಯ ಮೇಲಿನ ಎಮ್ಮೆಯ ಚಿತ್ರವನ್ನು ನೋಡುತ್ತ ನಿಂತೆ. ಒಳಗೆ ತೊಳೆಯುತ್ತಿದ್ದ ಡಾಕ್ಟರಮ್ಮ ಚಿಮಟಿಗೆಯಿಂದ ಏನನ್ನೋ ಹಿಡಿದೆತ್ತಿದರು.

“ಬಾರಿಮುಳ್ಳರಿ ಇದು. ಇಷ್ಟು ಒಳಗ ಹೆಂಗ ಹೋತು?” ಎಂದರು.

ಯಾರೂ ನನ್ನನ್ನು ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಆಗುತ್ತಿತ್ತು.

“ಹೊರಸಿನ್ಯಾಗ ಮುಳ್ಳು ಎಲ್ಲಿಂದ ಬರತೈತ್ರಿ?” ಎಂದುಬಿಟ್ಟೆ.

ಡಾಕ್ಟರಮ್ಮ ಹೊರಸಿನ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಕಥೆಯಲ್ಲಿ ಕೇಳಿ ನಕ್ಕಿದ್ದೆ, ಇಲ್ಲಿ ನಾನು ಎರಡೂ ಹೆಗಲು ಮುಟ್ಟಿಕೊಂಡಿದ್ದೆ. ಗಿರಿಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ಮುಳ್ಳನ್ನು ಕೊಡುತ್ತೀರಾ ಎಂದು ಡಾಕ್ಟರಮ್ಮನನ್ನು ಕೇಳಿ, ಅರಳೆಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡಳು.

ಗಾಯಕ್ಕೆ ಪಟ್ಟಿ ಕಟ್ಟಬಾರದು, ಹತ್ತು ದಿನ ಎರಡು ಹೊತ್ತು ಔಷಧದ ನೀರಿನಿಂದ ತೊಳೆಯಬೇಕು, ನೆಕ್ಕಲು ಬಿಡಬಾರದು ಎಂದು ಅಪ್ಪಣೆಯಾಯಿತು. ಮನೆಗೆ ಬಂದು ಗಿರಿಜಾ ಬಾಟಲಿಯನ್ನು ನನ್ನ ಕೈಗಿಟ್ಟು “ನೀವ ಮಾಡ್ರಿ” ಎಂದಳು. ಮಾಡಿದೆ. ಸರದಾರ ಒಂದು ಸಲವಾದರೂ ಗುರ್ ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಮಹಾರಾಯ ಕಾಲು ಚಾಚಿ ಮಲಗಿ, ಗಾಯ ತೊಳೆಯುವ ನನ್ನ ಕೈಯನ್ನೇ ನೆಕ್ಕುತ್ತಿದ್ದ. ನನಗೆ ನಿಜವಾಗಿ ನಾಚಿಕೆಯಾಯಿತು. ಆಗಲೂ, ಇಷ್ಟು ಒಳ್ಳೆಯತನ ಇವನಿಗೆ ಹೇಗೆ ಬಂತೆಂದು ಒಳಗೊಳಗೇ ಹೊಟ್ಟೆ ಉರಿಯಿತು.

ಒಂದು ಬೆಳಗ್ಗೆ ಕಾಶವ್ವ ಇದನ್ನು ನೋಡಿ, ಹೆತ್ತ ಮಕ್ಕಳಿಗೂ ಇಷ್ಟು ಮಾಡುವುದಿಲ್ಲ, ನಿನ್ನ ಗಂಡ ದೇವರಂಥವನು ಎಂದು ಗಿರಿಜಾಳ ಮುಂದೆ ಹೊಗಳಿ, ಮುಳ್ಳು ಹೇಗೆ ಹೊಕ್ಕಿತೆಂದು ಕೇಳಿದಳು. ಇನ್ನು ಓಣಿಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದುಕೊಂಡೆ.

“ಬೇಲ್ಯಾಗ ನುಗ್ಗಿದ್ದ ಕಾಣತೈತಿ, ಕಾಕೂ” ಎಂದಳು ಗಿರಿಜಾ. “ಇವರಿಗಂತೂ ಅವನ ಮ್ಯಾಲೆ ಭಾಳ ಜೀವ.”

ಗಾಯ ಮಾಯಿತು. ಸರದಾರ ಮತ್ತೆ ತಲೆದೆಸೆಗೆ ಹೋದ, ನಾನು ಪ್ಲಾಸ್ಟಿಕ್ ಕುರ್ಚಿಗೆ. ಮುಳ್ಳು ಈಗ ಅಡುಗೆಮನೆಯ ಕ್ಯಾಲೆಂಡರಿಗೆ ಚುಚ್ಚಿಕೊಂಡಿದೆ, ನಾನು ಉಣ್ಣಲು ಕೂರುವ ಜಾಗಕ್ಕೆ ಎದುರಾಗಿ. ಮೊನ್ನೆ ರೊಟ್ಟಿ ಬಿರುಸಾಗಿದೆ ಎನ್ನಲು ಬಾಯಿ ತೆರೆದೆ. ಗಿರಿಜಾ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದಳು.

“ರೊಟ್ಟಿ ಭಾಳ ಛಲೋ ಆಗ್ಯಾವು” ಎಂದೆ.

“ಹ್ಞೂಂ” ಅಂದಳು. ಸರದಾರನೂ ಅಲ್ಲೇ ಹೊಸ್ತಿಲ ಹತ್ತಿರ ಮಲಗಿದ್ದ. ಆದರೆ ಆ ಹ್ಞೂಂ ನನಗೇ.